ಪೊಟ್ಯಾಸಿಯಮ್ ಒಂದೇ, ಅಂಕಿ ಐದಾರು: ರಕ್ತ ಮತ್ತು ಮಣ್ಣಿನ ರಿಪೋರ್ಟ್ ಓದುವ ಲೆಕ್ಕ

ರಕ್ತ ಪರೀಕ್ಷೆಯ ರಿಪೋರ್ಟ್‌ನಲ್ಲಿ ಪೊಟ್ಯಾಸಿಯಮ್ ಎದುರು 4.0 ಎಂದಿರುತ್ತದೆ. ಮಣ್ಣು ಪರೀಕ್ಷೆಯ ರಿಪೋರ್ಟ್‌ನಲ್ಲಿ ಅದೇ ಪೊಟ್ಯಾಸಿಯಮ್ ಎದುರು 0.31 ಇರಬಹುದು, 120 ಇರಬಹುದು, 240 ಇರಬಹುದು, 289 ಕೂಡ ಇರಬಹುದು. ಈ ನಾಲ್ಕೂ ಒಂದೇ ಮಣ್ಣಿನ, ಒಂದೇ ಪರೀಕ್ಷೆಯ ಫಲಿತಾಂಶ ಆಗಿರಬಹುದು. ನಾಲ್ಕೂ ಸರಿ. ಬದಲಾಗಿದ್ದು ಪೊಟ್ಯಾಸಿಯಮ್ ಅಲ್ಲ, ಅದನ್ನು ಹೇಳುವ ಏಕಮಾನ.

ಇಂಥ ಕಡೆ ಜನ ಸಾಮಾನ್ಯವಾಗಿ ಒಂದು ಪರಿವರ್ತನೆ ಪಟ್ಟಿ ಹುಡುಕುತ್ತಾರೆ. ಗ್ಲೂಕೋಸ್‌ಗೆ 18ರಿಂದ ಭಾಗಿಸಿ, ಕೊಲೆಸ್ಟ್ರಾಲ್‌ಗೆ 38.67ರಿಂದ ಭಾಗಿಸಿ, ರಂಜಕಕ್ಕೆ 2.29ರಿಂದ ಗುಣಿಸಿ ಅಂತ ಅದರಲ್ಲಿರುತ್ತದೆ. ಪಟ್ಟಿ ತಪ್ಪಲ್ಲ. ಆದರೆ ಆ ಸಂಖ್ಯೆ ಎಲ್ಲಿಂದ ಬಂತು ಅನ್ನೋದು ಗೊತ್ತಿಲ್ಲದಿದ್ದರೆ, ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಅನ್ನೋದೇ ಮರೆತುಹೋಗುತ್ತದೆ. ಪಟ್ಟಿಯಲ್ಲಿ ಇಲ್ಲದ ವಸ್ತು ಎದುರಾದರೆ ಅಲ್ಲಿಗೆ ಲೆಕ್ಕ ನಿಂತುಹೋಗುತ್ತದೆ.

ಯಾವ ಸಾಂದ್ರತೆಯ ಅಂಕಿ ಕಂಡರೂ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಏಕಮಾನದ ಭಾಗಾಕಾರದ ಗೀಟಿನ ಮೇಲೆ ಏನಿದೆ: ತೂಕವೋ, ಕಣಗಳ ಎಣಿಕೆಯೋ, ಚಾರ್ಜೋ? ಗೀಟಿನ ಕೆಳಗೆ ಏನಿದೆ: ಲೀಟರೋ, ಕಿಲೋನೋ, ಹೆಕ್ಟೇರೋ? ಮತ್ತೆ, ಆ ವಸ್ತುವನ್ನು ಯಾವ ರೂಪದಲ್ಲಿ ಲೆಕ್ಕ ಹಿಡಿದಿದ್ದಾರೆ: ಬರೀ ಮೂಲವಸ್ತುವೋ, ಅದರ ಆಕ್ಸೈಡೋ, ಲವಣವೋ? ಆಸ್ಪತ್ರೆಯ ಲ್ಯಾಬ್‌ಗೂ ಮಣ್ಣಿನ ಲ್ಯಾಬ್‌ಗೂ ಪ್ರಶ್ನೆ ಇವೇ. ಎರಡೂ ಕಡೆ ಗಣಿತವೂ ಒಂದೇ.

ತೂಕ ಮತ್ತು ಎಣಿಕೆ

ಮೊದಲು ಗ್ಲೂಕೋಸ್ ತೆಗೆದುಕೊಳ್ಳೋಣ. ಎಲ್ಲರಿಗೂ ಪರಿಚಯ ಇರುವ ಅಂಕಿ ಅದು. ಕೆಲವು ದೇಶಗಳಲ್ಲಿ 90 ಅಂತಾರೆ, ಬ್ರಿಟನ್, ಕೆನಡಾದಂಥ ಕಡೆ 5 ಅಂತಾರೆ. ಮೊದಲನೆಯದು ಡೆಸಿಲೀಟರ್‌ಗೆ ಎಷ್ಟು ಮಿಲಿಗ್ರಾಂ ಅನ್ನೋ ಲೆಕ್ಕ. ಎರಡನೆಯದು ಲೀಟರ್‌ಗೆ ಎಷ್ಟು ಮಿಲಿಮೋಲ್ ಅನ್ನೋದು.

ಮಿಲಿಗ್ರಾಂ ತೂಕ. ಮೋಲ್ ಎಣಿಕೆ. ಒಂದು ಮೋಲ್ ಅಂದರೆ 6.02214076 × 10ರ 23ನೇ ಘಾತದಷ್ಟು ಕಣಗಳು. 1971ರಲ್ಲಿ ಮೋಲ್ ಅಂತರರಾಷ್ಟ್ರೀಯ ಮೂಲಮಾನಗಳ ಸಾಲಿಗೆ ಸೇರಿತು. 2019ರಿಂದ ಈ ಸಂಖ್ಯೆಯನ್ನೇ ಅದರ ವ್ಯಾಖ್ಯೆ ಮಾಡಿದ್ದಾರೆ. ಇಷ್ಟು ದೊಡ್ಡ ಸಂಖ್ಯೆಯನ್ನು ಯಾರೂ ಎಣಿಸಲ್ಲ. ತೂಗುತ್ತಾರೆ, ತೂಕದಿಂದ ಎಣಿಕೆ ಕಂಡುಹಿಡಿಯುತ್ತಾರೆ. ಒಂದೇ ಥರದ ನಾಣ್ಯ ತುಂಬಿದ ಚೀಲವನ್ನು ತೂಗಿ, ಒಳಗೆ ಎಷ್ಟು ನಾಣ್ಯ ಇವೆ ಎಂದು ಹೇಳುವ ಹಾಗೆ. ಒಂದು ನಾಣ್ಯದ ತೂಕ ಗೊತ್ತಿರಬೇಕು ಅಷ್ಟೇ. ಇಲ್ಲಿ ಆ ಕೆಲಸ ಮಾಡೋದು ಅಣುತೂಕ.

ಗ್ಲೂಕೋಸ್‌ನ ಅಣುತೂಕ ಸುಮಾರು 180. ಅಂದರೆ ಒಂದು ಮಿಲಿಮೋಲ್ ಗ್ಲೂಕೋಸ್ 180 ಮಿಲಿಗ್ರಾಂ ತೂಗುತ್ತದೆ. ಈಗ 90 ಮಿಲಿಗ್ರಾಂ ಒಂದು ಡೆಸಿಲೀಟರ್‌ನಲ್ಲಿದೆ. ಡೆಸಿಲೀಟರ್ ಅಂದರೆ 100 ಮಿಲಿಲೀಟರ್, ಲೀಟರ್‌ನ ಹತ್ತನೇ ಒಂದು ಭಾಗ. ಹಾಗಾದರೆ ಒಂದು ಲೀಟರ್‌ನಲ್ಲಿ 900 ಮಿಲಿಗ್ರಾಂ. 900ನ್ನು 180ರಿಂದ ಭಾಗಿಸಿದರೆ 5 ಮಿಲಿಮೋಲ್. ಮುಗಿಯಿತು. ಪಟ್ಟಿಯಲ್ಲಿರುವ 18 ಅನ್ನೋದು 180ನ್ನು ಡೆಸಿಲೀಟರ್‌ನ ಹತ್ತರಿಂದ ಭಾಗಿಸಿದ್ದು, ಬೇರೇನಲ್ಲ.

ಇದೇ ದಾರಿಯಲ್ಲಿ, ಮೂತ್ರಪಿಂಡದ ಪರೀಕ್ಷೆಯಲ್ಲಿ ಬರುವ ಕ್ರಿಯಾಟಿನಿನ್ ನೋಡಿ. ಅದರ ಅಣುತೂಕ 113.12. ಡೆಸಿಲೀಟರ್‌ಗೆ 1 ಮಿಲಿಗ್ರಾಂ ಎಂದರೆ ಲೀಟರ್‌ಗೆ 10. ಹತ್ತನ್ನು 113.12ರಿಂದ ಭಾಗಿಸಿದರೆ 0.0884 ಮಿಲಿಮೋಲ್. ಇಷ್ಟು ಚಿಕ್ಕ ದಶಮಾಂಶ ಓದೋದು ಕಷ್ಟ. ಅದಕ್ಕೇ ಅದನ್ನು 88.4 ಮೈಕ್ರೋಮೋಲ್ ಎಂದು ಬರೆಯುತ್ತಾರೆ. ಕೊಲೆಸ್ಟ್ರಾಲ್‌ಗೂ ಇದೇ ಲೆಕ್ಕ: ಅಣುತೂಕ 386.65, ಹಾಗಾಗಿ 200 ಮಿಲಿಗ್ರಾಂ ಎಂದರೆ 5.17 ಮಿಲಿಮೋಲ್.

ಟ್ರೈಗ್ಲಿಸರೈಡ್ ಮಾತ್ರ ಸ್ವಲ್ಪ ಬೇರೆ. ರಕ್ತದಲ್ಲಿರುವುದು ಒಂದೇ ಟ್ರೈಗ್ಲಿಸರೈಡ್ ಅಲ್ಲ, ಬೇರೆ ಬೇರೆ ಕೊಬ್ಬಿನಾಮ್ಲ ಇರುವ ಹತ್ತಾರು ಬಗೆ. ಅವುಗಳಿಗೆಲ್ಲ ಸೇರಿಸಿ ಸುಮಾರು 885 ಎಂಬ ಸರಾಸರಿ ಅಣುತೂಕ ಹಿಡಿಯುತ್ತಾರೆ. ಆದ್ದರಿಂದ ಆ ಪರಿವರ್ತನೆಯಲ್ಲಿ ಮೂರು ದಶಮಾಂಶ ಸ್ಥಾನದವರೆಗೆ ಉತ್ತರ ಬರೆಯೋದಕ್ಕೆ ಅರ್ಥ ಇಲ್ಲ.

ವೈದ್ಯರಿಗೆ ಎಣಿಕೆ ಯಾಕೆ ಬೇಕು? ದೇಹದಲ್ಲಿ ರಾಸಾಯನಿಕ ಕ್ರಿಯೆ ನಡೆಯೋದು ಕಣ ಕಣದ ನಡುವೆ, ಗ್ರಾಂ ಗ್ರಾಂ ನಡುವೆ ಅಲ್ಲ. ರಕ್ತದ ಒಸ್ಮೋಟಿಕ್ ಒತ್ತಡ, ಅಂದರೆ ನೀರನ್ನು ತನ್ನತ್ತ ಎಳೆಯುವ ಬಲ ಕೂಡ ಕಣಗಳ ಸಂಖ್ಯೆಯನ್ನೇ ಅವಲಂಬಿಸಿದೆ. ಡ್ರಿಪ್‌ನಲ್ಲಿ ಕೊಡುವ 0.9% ಸಲೈನ್ ತೆಗೆದುಕೊಳ್ಳಿ. ಲೀಟರ್‌ಗೆ 9 ಗ್ರಾಂ ಉಪ್ಪು. ಸೋಡಿಯಂ ಕ್ಲೋರೈಡ್‌ನ ತೂಕ 58.44. ಭಾಗಿಸಿದರೆ 154 ಮಿಲಿಮೋಲ್. ನೀರಿನಲ್ಲಿ ಅದು ಸೋಡಿಯಂ ಮತ್ತು ಕ್ಲೋರೈಡ್ ಆಗಿ ಒಡೆಯುತ್ತದೆ, ಹಾಗಾಗಿ ಕಣಗಳ ಲೆಕ್ಕ 308. ಸಲೈನ್ ಬಾಟಲಿಯ ಮೇಲೆ 154, 308 ಎರಡೂ ಮುದ್ರಿಸಿರುತ್ತಾರೆ.

ಚಾರ್ಜ್ ಎಣಿಸುವ ಏಕಮಾನ

ಈ ವಿಷಯದಲ್ಲಿ ಜಾಸ್ತಿ ಗೊಂದಲ ಆಗೋದು ಮಿಲಿಈಕ್ವಿವಲೆಂಟ್‌ನಲ್ಲಿ. ನನ್ನ ಪ್ರಕಾರ ಎಲ್ಲಕ್ಕಿಂತ ಸೊಗಸಾದ ಏಕಮಾನವೂ ಅದೇ.

ಚಾರ್ಜ್ ಹೊತ್ತ ಕಣಕ್ಕೆ ಅಯಾನು ಅಂತಾರೆ. ಸೋಡಿಯಂ, ಪೊಟ್ಯಾಸಿಯಮ್ ಅಯಾನುಗಳ ಮೇಲೆ ಒಂದೊಂದು ಧನ ಚಾರ್ಜ್ ಇದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೇಲೆ ಎರಡೆರಡು. ಕಣಗಳ ಬದಲು ಅವು ಹೊತ್ತಿರುವ ಚಾರ್ಜನ್ನೇ ಎಣಿಸಿದರೆ ಸಿಗೋದು ಈಕ್ವಿವಲೆಂಟ್. ಮಿಲಿಮೋಲನ್ನು ಚಾರ್ಜಿನಿಂದ ಗುಣಿಸಿದರೆ ಮಿಲಿಈಕ್ವಿವಲೆಂಟ್. ಪೊಟ್ಯಾಸಿಯಮ್‌ಗೆ ಎರಡೂ ಒಂದೇ: 4 ಮಿಲಿಮೋಲ್ ಎಂದರೆ 4 ಮಿಲಿಈಕ್ವಿವಲೆಂಟ್. ಕ್ಯಾಲ್ಸಿಯಂಗೆ ಹಾಗಲ್ಲ. ಡೆಸಿಲೀಟರ್‌ಗೆ 10 ಮಿಲಿಗ್ರಾಂ ಎಂದರೆ ಲೀಟರ್‌ಗೆ 2.5 ಮಿಲಿಮೋಲ್, ಅದೇ 5 ಮಿಲಿಈಕ್ವಿವಲೆಂಟ್. 10, 2.5, 5: ಮೂರೂ ಒಂದೇ ರಕ್ತ.

ಕ್ಯಾಲ್ಸಿಯಂನಲ್ಲಿ ಈ ಮೂರು ಅಂಕಿ ದೂರ ದೂರ ಇವೆ. ಅದಲುಬದಲಾದರೆ ಯಾರಾದರೂ ಗಮನಿಸುತ್ತಾರೆ. ಮೆಗ್ನೀಸಿಯಂನಲ್ಲಿ ಆ ರಕ್ಷಣೆ ಇಲ್ಲ. ಅದರ ಪರಮಾಣು ತೂಕ 24.3. ಡೆಸಿಲೀಟರ್‌ಗೆ 2.0 ಮಿಲಿಗ್ರಾಂ ಇದ್ದರೆ, ಲೀಟರ್‌ಗೆ 20 ಮಿಲಿಗ್ರಾಂ, ಅಂದರೆ 0.82 ಮಿಲಿಮೋಲ್, ಅಂದರೆ 1.65 ಮಿಲಿಈಕ್ವಿವಲೆಂಟ್. ಮೂರೂ ಹತ್ತಿರ ಹತ್ತಿರದ ಅಂಕಿಗಳು. ಈಗ ಒಂದು ರಿಪೋರ್ಟ್‌ನಲ್ಲಿ ಮೆಗ್ನೀಸಿಯಂ 1.0 ಎಂದು ಮಾತ್ರ ಇದೆ, ಏಕಮಾನ ಬರೆದಿಲ್ಲ ಅಂದುಕೊಳ್ಳಿ. ಅದು ಮಿಲಿಮೋಲ್ ಆಗಿದ್ದರೆ 2.4 ಮಿಲಿಗ್ರಾಂಗೆ ಸಮ, ಸಾಮಾನ್ಯ ಮಟ್ಟದ ಮೇಲ್ತುದಿ. ಮಿಲಿಗ್ರಾಂ ಆಗಿದ್ದರೆ 0.41 ಮಿಲಿಮೋಲ್, ಚಿಕಿತ್ಸೆ ಬೇಕಾಗುವಷ್ಟು ಕಡಿಮೆ. ಅಂಕಿ ನೋಡಿದರೆ ಅನುಮಾನವೇ ಬರಲ್ಲ. ಏಕಮಾನ ಬರೆಯದ ಅಂಕಿ ಎಷ್ಟು ಅಪಾಯಕಾರಿ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಚಾರ್ಜ್ ಎಣಿಸೋದರಿಂದ ಏನು ಲಾಭ? ಕೂಡಬಹುದು, ಕಳೆಯಬಹುದು. ರಕ್ತದಲ್ಲಿ ಧನ ಚಾರ್ಜ್ ಎಷ್ಟಿದೆಯೋ ಋಣ ಚಾರ್ಜೂ ಅಷ್ಟೇ ಇರಬೇಕು. ಧನ ಚಾರ್ಜಿನ ಸೋಡಿಯಂ 140, ಋಣ ಚಾರ್ಜಿನ ಕ್ಲೋರೈಡ್ 104, ಬೈಕಾರ್ಬನೇಟ್ 24 ಎಂದಿಟ್ಟುಕೊಳ್ಳಿ. 140ರಿಂದ ಕೊನೆಯ ಎರಡರ ಮೊತ್ತ 128 ಕಳೆದರೆ 12 ಉಳಿಯುತ್ತದೆ. ಇದಕ್ಕೆ ಅನಯಾನ್ ಗ್ಯಾಪ್ ಅಂತಾರೆ. ಇದು ಜಾಸ್ತಿ ಆದರೆ, ಅಳೆಯದೇ ಬಿಟ್ಟ ಯಾವುದೋ ಆಮ್ಲ ರಕ್ತದಲ್ಲಿ ಸೇರಿಕೊಂಡಿದೆ ಎಂಬ ಸುಳಿವು. ಇದೇ ಲೆಕ್ಕವನ್ನು ಮಿಲಿಗ್ರಾಂನಲ್ಲಿ ಮಾಡಿದರೆ ಏನೂ ಗೊತ್ತಾಗಲ್ಲ.

ಮಣ್ಣಿನಲ್ಲೂ ಇದೇ ಕಾರಣಕ್ಕೆ ಚಾರ್ಜ್ ಎಣಿಸುತ್ತಾರೆ. ಜೇಡಿ ಕಣಗಳ ಮೇಲೆ, ಕೊಳೆತ ಸಾವಯವ ಪದಾರ್ಥದ ಮೇಲೆ ಋಣ ಚಾರ್ಜ್ ಇರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಮ್, ಸೋಡಿಯಂಗಳು ಅಲ್ಲಿ ಅಂಟಿಕೊಂಡಿರುತ್ತವೆ. ಒಂದು ಕ್ಯಾಲ್ಸಿಯಂ ಅಯಾನು ಎರಡು ಜಾಗ ಹಿಡಿಯುತ್ತದೆ, ಪೊಟ್ಯಾಸಿಯಮ್ ಒಂದು. ಒಟ್ಟು ಎಷ್ಟು ಜಾಗ ಇದೆ ಅನ್ನೋದೇ ಮಣ್ಣಿನ ಧನ ಅಯಾನು ವಿನಿಮಯ ಸಾಮರ್ಥ್ಯ. ಹಳೆಯ ರಿಪೋರ್ಟ್‌ಗಳಲ್ಲಿ ಇದನ್ನು 100 ಗ್ರಾಂ ಮಣ್ಣಿಗೆ ಇಷ್ಟು ಮಿಲಿಈಕ್ವಿವಲೆಂಟ್ ಎಂದು ಬರೆಯುತ್ತಿದ್ದರು. ಈಗ ಒಂದು ಕಿಲೋ ಮಣ್ಣಿಗೆ ಇಷ್ಟು ಸೆಂಟಿಮೋಲ್ ಚಾರ್ಜ್ ಎಂದು ಬರೆಯುತ್ತಾರೆ. ಅದೃಷ್ಟಕ್ಕೆ ಎರಡರಲ್ಲೂ ಅಂಕಿ ಒಂದೇ. 100 ಗ್ರಾಂಗೆ 1 ಮಿಲಿಈಕ್ವಿವಲೆಂಟ್ ಎಂದರೆ ಕಿಲೋಗೆ 10 ಮಿಲಿಮೋಲ್ ಚಾರ್ಜ್, ಅದೇ 1 ಸೆಂಟಿಮೋಲ್. ಕೆಲವರು ಕಿಲೋಗೆ ಮಿಲಿಮೋಲ್ ಚಾರ್ಜ್ ಎಂದೇ ಬರೆಯುತ್ತಾರೆ. ಆಗ ಅಂಕಿ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಇದನ್ನು ತೂಕಕ್ಕೆ ತರೋದು ಸುಲಭ. ಒಂದು ಸೆಂಟಿಮೋಲ್ ಚಾರ್ಜ್‌ನಷ್ಟು ಪೊಟ್ಯಾಸಿಯಮ್ ಅಂದರೆ 39.1 × 10, ಅಂದರೆ 391 ಮಿಲಿಗ್ರಾಂ. ಕ್ಯಾಲ್ಸಿಯಂ ಆದರೆ 40.08ನ್ನು ಹತ್ತರಿಂದ ಗುಣಿಸಿ, ಚಾರ್ಜ್ ಎರಡು ಇರುವುದರಿಂದ ಎರಡರಿಂದ ಭಾಗಿಸಬೇಕು: 200.4 ಮಿಲಿಗ್ರಾಂ. ಮೆಗ್ನೀಸಿಯಂ 121.5, ಸೋಡಿಯಂ 230. ಈ ಎರಡರಿಂದ ಭಾಗಿಸುವ ಹೆಜ್ಜೆ ಮರೆತರೆ ಕ್ಯಾಲ್ಸಿಯಂ ಲೆಕ್ಕ ನೇರವಾಗಿ ಎರಡು ಪಟ್ಟಾಗುತ್ತದೆ. ಉತ್ತರ ಅಸಂಭವ ಅನ್ನಿಸಲ್ಲ, ಹಾಗಾಗಿ ತಪ್ಪು ಕಣ್ಣಿಗೆ ಬೀಳಲ್ಲ.

ಒಂದು ಮಣ್ಣಿನಲ್ಲಿ ಕ್ಯಾಲ್ಸಿಯಂ 8, ಮೆಗ್ನೀಸಿಯಂ 3, ಪೊಟ್ಯಾಸಿಯಮ್ 0.3, ಸೋಡಿಯಂ 0.7 ಸೆಂಟಿಮೋಲ್ ಇದೆ ಅನ್ನಿ. ಕೂಡಿದರೆ 12. ಸೋಡಿಯಂ ಹಿಡಿದಿರುವ ಜಾಗ ಸುಮಾರು 5.8%. ಈ ಪಾಲು 15% ದಾಟಿದರೆ ಮಣ್ಣನ್ನು ಸೋಡಿಕ್, ಅಂದರೆ ಸೋಡಿಯಂ ಅತಿಯಾದ ಮಣ್ಣು, ಎಂದು ಗುರುತಿಸೋದು ವಾಡಿಕೆ. ಅಂಥ ಮಣ್ಣಿಗೆ ಜಿಪ್ಸಂ ಹಾಕುವ ಲೆಕ್ಕವೂ ಚಾರ್ಜಿನಿಂದಲೇ ಹೊರಡುತ್ತದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಜಿಪ್ಸಂನ ಅಣುತೂಕ 172, ಕ್ಯಾಲ್ಸಿಯಂನ ಚಾರ್ಜ್ ಎರಡು, ಹಾಗಾಗಿ ಒಂದು ಮಿಲಿಈಕ್ವಿವಲೆಂಟ್‌ಗೆ 86 ಮಿಲಿಗ್ರಾಂ. ಕಿಲೋ ಮಣ್ಣಿನಿಂದ ಒಂದು ಸೆಂಟಿಮೋಲ್ ಸೋಡಿಯಂ ತೆಗೆಯಲು 860 ಮಿಲಿಗ್ರಾಂ ಬೇಕು. ಹೆಕ್ಟೇರ್‌ನ ಮೇಲ್ಪದರದ ಮಣ್ಣು 20 ಲಕ್ಷ ಕಿಲೋ ಎಂದು ಹಿಡಿದರೆ 1,720 ಕಿಲೋ ಶುದ್ಧ ಜಿಪ್ಸಂ. ಇದು ಪ್ರತಿ ಕಣವೂ ಕೆಲಸ ಮಾಡಿತು ಎಂದುಕೊಂಡಾಗಿನ ಅಂಕಿ. ಹೊಲದಲ್ಲಿ ಹಾಗಾಗಲ್ಲ, ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ.

ಗೀಟಿನ ಕೆಳಗಿನ ಲೆಕ್ಕ

ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಮಣ್ಣಿನಲ್ಲಿ ಅದು ಕಿಲೋಗೆ ಒಂದು ಮಿಲಿಗ್ರಾಂ. ನೀರಿನಲ್ಲಿ ಲೀಟರ್‌ಗೆ ಒಂದು ಮಿಲಿಗ್ರಾಂ ಎಂದು ಹೇಳುತ್ತೇವೆ, ಯಾಕೆಂದರೆ ಒಂದು ಲೀಟರ್ ನೀರು ಹೆಚ್ಚುಕಮ್ಮಿ ಒಂದು ಕಿಲೋ ತೂಗುತ್ತದೆ. ಗಾಳಿಯಲ್ಲಿ ಪಿಪಿಎಂ ಎಂದರೆ ಗಾತ್ರದ ಲೆಕ್ಕ, ತೂಕದ್ದಲ್ಲ. ಒಂದೇ ಹೆಸರಿಗೆ ಮೂರು ಅರ್ಥ ಇರೋದರಿಂದ, ಬರೆಯುವಾಗ ಪಿಪಿಎಂ ಬಿಟ್ಟು ಮಿಲಿಗ್ರಾಂ, ಕಿಲೋ, ಲೀಟರ್ ಎಂದೇ ಬರೆಯೋದು ಒಳ್ಳೆಯದು.

ಮಣ್ಣಿನ ಲ್ಯಾಬ್‌ನಲ್ಲಿ ಯಂತ್ರ ಮಣ್ಣನ್ನು ಅಳೆಯಲ್ಲ. ಮಣ್ಣಿನಿಂದ ತೆಗೆದ ದ್ರಾವಣವನ್ನು ಅಳೆಯುತ್ತದೆ. ಪೊಟ್ಯಾಸಿಯಮ್ ನೋಡಲು 5 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ಅಮೋನಿಯಂ ಅಸಿಟೇಟ್ ದ್ರಾವಣ ಹಾಕಿ ಅಲ್ಲಾಡಿಸಿ, ಸೋಸಿ, ಯಂತ್ರಕ್ಕೆ ಕೊಡುತ್ತಾರೆ. ಯಂತ್ರ ಲೀಟರ್‌ಗೆ 24 ಮಿಲಿಗ್ರಾಂ ಎಂದು ತೋರಿಸಿತು ಅನ್ನಿ. ಪ್ರತಿ ಗ್ರಾಂ ಮಣ್ಣಿಗೆ 5 ಮಿಲಿಲೀಟರ್ ದ್ರಾವಣ ಇದೆ, ಹಾಗಾಗಿ 24 × 5 = 120. ಕಿಲೋ ಮಣ್ಣಿಗೆ 120 ಮಿಲಿಗ್ರಾಂ. ಇದನ್ನು 391ರಿಂದ ಭಾಗಿಸಿದರೆ 0.31 ಸೆಂಟಿಮೋಲ್. ಮೊದಲಲ್ಲಿ ಹೇಳಿದ ನಾಲ್ಕು ಅಂಕಿಗಳಲ್ಲಿ ಎರಡು ಇಲ್ಲೇ ಸಿಕ್ಕವು.

ಮೂರನೆಯದು 240. ಅದು ಹೆಕ್ಟೇರ್‌ಗೆ ಎಷ್ಟು ಕಿಲೋ ಅನ್ನೋ ಅಂಕಿ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. 15 ಸೆಂಟಿಮೀಟರ್ ಆಳ ಹಿಡಿದರೆ 1,500 ಘನ ಮೀಟರ್ ಮಣ್ಣು. ಒಂದು ಘನ ಮೀಟರ್ ಒಣ ಮಣ್ಣು 1,330 ಕಿಲೋ ಎಂದುಕೊಂಡರೆ ಒಟ್ಟು ಸುಮಾರು 20 ಲಕ್ಷ ಕಿಲೋ. ಕಿಲೋಗೆ 120 ಮಿಲಿಗ್ರಾಂ ಇದ್ದರೆ 20 ಲಕ್ಷ ಕಿಲೋದಲ್ಲಿ 240 ಕಿಲೋ. ಹಾಗಾಗಿ "ಪಿಪಿಎಂ ಅನ್ನು ಎರಡರಿಂದ ಗುಣಿಸಿ" ಎಂಬ ಸೂತ್ರ.

ಕೆಲವು ಪುಸ್ತಕಗಳಲ್ಲಿ ಎರಡರ ಬದಲು 2.24 ಇರುತ್ತದೆ. ಅದೂ ತಪ್ಪಲ್ಲ. ಒಂದು ಎಕರೆಯ ಉಳುಮೆ ಪದರ 20 ಲಕ್ಷ ಪೌಂಡ್ ಎಂದು ಹಿಂದೆ ಹಿಡಿಯುತ್ತಿದ್ದರು. ಎಕರೆಗೆ ಒಂದು ಪೌಂಡ್ ಎಂದರೆ ಹೆಕ್ಟೇರ್‌ಗೆ 1.12 ಕಿಲೋ. ಎರಡನ್ನು 1.12ರಿಂದ ಗುಣಿಸಿದರೆ 2.24. ಹಾಗೆ ಮಾಡಿದರೆ ನಮ್ಮ 240 ಹೋಗಿ 269 ಆಗುತ್ತದೆ. ಮಣ್ಣು ಅದೇ, ಪರೀಕ್ಷೆ ಅದೇ. ಮಣ್ಣಿನ ತೂಕದ ಬಗ್ಗೆ ಮಾಡಿದ ಊಹೆ ಬೇರೆ, ಅಷ್ಟೇ. ಮರಳು ಮಣ್ಣು ಜೇಡಿ ಮಣ್ಣಿಗಿಂತ ಗಾತ್ರಕ್ಕೆ ಹೆಚ್ಚು ತೂಗುತ್ತದೆ, ಆದ್ದರಿಂದ ಎಲ್ಲ ಹೊಲಕ್ಕೂ ಒಂದೇ ಗುಣಕ ಹೊಂದಲ್ಲ. ಮಾದರಿಯನ್ನು 30 ಸೆಂಟಿಮೀಟರ್ ಆಳದಿಂದ ತೆಗೆದಿದ್ದರೆ ಗುಣಕವೂ ಎರಡು ಪಟ್ಟು.

ಕೆಳಗಿನ ಅಂಕಿಯನ್ನು ಕೆಡಿಸುವ ಇನ್ನೆರಡು ಸಂಗತಿ: ತೇವ ಮತ್ತು ಕಲ್ಲು. ಮಣ್ಣಿನ ಫಲಿತಾಂಶವನ್ನು 105 ಡಿಗ್ರಿಯಲ್ಲಿ ಒಣಗಿಸಿದ ಮಣ್ಣಿನ ತೂಕಕ್ಕೆ ಹೇಳೋದು ರೂಢಿ. ಒಣ ಮಣ್ಣಿನ ತೂಕದ 8% ನೀರು ಮಾದರಿಯಲ್ಲಿ ಉಳಿದಿದ್ದರೆ, ನಾವು 5 ಗ್ರಾಂ ಎಂದು ತೂಗಿದ್ದರಲ್ಲಿ ಮಣ್ಣು ಅಷ್ಟಿಲ್ಲ. 120ನ್ನು 1.08ರಿಂದ ಗುಣಿಸಬೇಕು, ಸುಮಾರು 130. ಕಲ್ಲಿನ ವಿಷಯ ಇದಕ್ಕೆ ಉಲ್ಟಾ. ಲ್ಯಾಬ್ 2 ಮಿಲಿಮೀಟರ್ ಜರಡಿಯಲ್ಲಿ ಇಳಿದ ಮಣ್ಣನ್ನು ಮಾತ್ರ ನೋಡುತ್ತದೆ. ಹೊಲದ ಮಣ್ಣಿನ ತೂಕದಲ್ಲಿ ಕಾಲು ಭಾಗ ಕಲ್ಲಿದ್ದರೆ ಹೆಕ್ಟೇರ್ ಲೆಕ್ಕದಲ್ಲೂ ಕಾಲು ಭಾಗ ಕಳೆಯಬೇಕು.

ರಕ್ತದಲ್ಲೂ ಇದೇ ಥರದ ಒಂದು ತೊಂದರೆ ಇದೆ. ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣ ಬಿಟ್ಟು ಉಳಿಯುವ ದ್ರವದಲ್ಲಿ, ಸುಮಾರು 93% ನೀರು, ಉಳಿದದ್ದು ಪ್ರೋಟೀನ್, ಕೊಬ್ಬು. ಸೋಡಿಯಂ ಇರೋದು ನೀರಿನಲ್ಲಿ ಮಾತ್ರ. ನೀರಿನ ಪ್ರತಿ ಲೀಟರ್‌ಗೆ 150 ಮಿಲಿಮೋಲ್ ಇದ್ದರೆ, ಪ್ಲಾಸ್ಮಾದ ಪ್ರತಿ ಲೀಟರ್‌ಗೆ 140 ಬರುತ್ತದೆ. ಕೊಬ್ಬು ವಿಪರೀತ ಏರಿ ನೀರಿನ ಪಾಲು 85%ಗೆ ಇಳಿದರೆ? ನೀರಿನಲ್ಲಿ ಸೋಡಿಯಂ ಸರಿಯಾಗೇ ಇದೆ. ಆದರೂ ರಿಪೋರ್ಟ್‌ನಲ್ಲಿ 128ರ ಆಸುಪಾಸು ಬರುತ್ತದೆ. ಮಾದರಿಯನ್ನು ಮೊದಲು ತೆಳು ಮಾಡಿ ಅಳೆಯುವ ಯಂತ್ರಗಳಲ್ಲಿ ಹೀಗಾಗುತ್ತದೆ. ತೆಳು ಮಾಡದೆ ನೇರವಾಗಿ ಅಳೆಯುವ ಬ್ಲಡ್ ಗ್ಯಾಸ್ ಯಂತ್ರದಲ್ಲಿ ಆಗಲ್ಲ. ಮಣ್ಣಿನಲ್ಲಿ ಕಲ್ಲು ಜಾಗ ತಿಂದ ಹಾಗೆ ಇಲ್ಲಿ ಕೊಬ್ಬು ಜಾಗ ತಿಂದಿದೆ. ಕಡಿಮೆ ಸೋಡಿಯಂ ಎಂದು ನಂಬಿ ಚಿಕಿತ್ಸೆ ಶುರು ಮಾಡಿದರೆ ರೋಗಿಗೆ ಹಾನಿ ಆಗಬಹುದು.

ಯಾವ ರೂಪದ ಲೆಕ್ಕ?

ಉಳಿದದ್ದು 289. ಇದು ಪೊಟ್ಯಾಸಿಯಮ್ ಅಲ್ಲ, ಪೊಟ್ಯಾಶ್. ಹಿಂದಿನ ಕಾಲದ ರಸಾಯನಶಾಸ್ತ್ರಜ್ಞರು ಬೂದಿ, ಖನಿಜಗಳ ವಿಶ್ಲೇಷಣೆಯನ್ನು ಆಕ್ಸೈಡ್ ರೂಪದಲ್ಲಿ ಬರೆಯುತ್ತಿದ್ದರು. ಆ ಪದ್ಧತಿ ಗೊಬ್ಬರದ ಚೀಲದ ಮೇಲೆ ಇವತ್ತಿಗೂ ಉಳಿದಿದೆ. ಪೊಟ್ಯಾಸಿಯಮ್ ಆಕ್ಸೈಡ್‌ನಲ್ಲಿ 83% ಮಾತ್ರ ಪೊಟ್ಯಾಸಿಯಮ್. ಹಾಗಾಗಿ 240ನ್ನು 1.205ರಿಂದ ಗುಣಿಸಿದರೆ 289. ರಂಜಕದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: ಗುಣಕ 2.29. ಮಣ್ಣಿನ ರಿಪೋರ್ಟ್ ರಂಜಕವನ್ನು ಹೇಳಿ, ಗೊಬ್ಬರದ ಶಿಫಾರಸು ರಂಜಕದ ಆಕ್ಸೈಡ್ ಹೇಳಿದರೆ, ನೋಡದೆ ಹೋಲಿಸಿದವರು ಎರಡು ಪಟ್ಟನ್ನೂ ಮೀರಿದ ತಪ್ಪು ಮಾಡುತ್ತಾರೆ.

ವಿಶೇಷ ಅಂದರೆ, ಪೊಟ್ಯಾಸಿಯಮ್ ಕ್ಲೋರೈಡ್ ಎಂಬ ಒಂದೇ ಲವಣ ಗೊಬ್ಬರದ ಚೀಲದಲ್ಲೂ ಇದೆ, ಆಸ್ಪತ್ರೆಯ ಇಂಜೆಕ್ಷನ್‌ನಲ್ಲೂ ಇದೆ. ಚೀಲದ ಮೇಲೆ 60% ಎಂದಿರುತ್ತದೆ, ಅದು ಆಕ್ಸೈಡ್ ಲೆಕ್ಕ. ನಿಜವಾದ ಪೊಟ್ಯಾಸಿಯಮ್ ಸುಮಾರು 50%. ಇಂಜೆಕ್ಷನ್ ಮೇಲೆ 15% ಎಂದಿದ್ದರೆ ಅದು ಇಡೀ ಲವಣದ ತೂಕ: 10 ಮಿಲಿಲೀಟರ್‌ನಲ್ಲಿ 1.5 ಗ್ರಾಂ. ಅಣುತೂಕ 74.55ರಿಂದ ಭಾಗಿಸಿದರೆ 20 ಮಿಲಿಮೋಲ್. ವೈದ್ಯರು 20 ಮಿಲಿಮೋಲ್ ಬರೆದಿದ್ದನ್ನು 20 ಮಿಲಿಲೀಟರ್ ಎಂದು ಓದಿಕೊಂಡರೆ ಎರಡು ಪಟ್ಟು ಹೋಗುತ್ತದೆ. ಪೊಟ್ಯಾಸಿಯಮ್ ದಿಢೀರನೆ ಏರಿದರೆ ಹೃದಯವೇ ನಿಲ್ಲಬಹುದು. ಅದಕ್ಕೇ ಈ ಗಟ್ಟಿ ದ್ರಾವಣವನ್ನು ತೆಳು ಮಾಡದೆ ಎಂದೂ ಕೊಡುವಂತಿಲ್ಲ.

ಯೂರಿಯಾ ಕೂಡ ಹಾಗೆಯೇ, ಎರಡೂ ಕಡೆ ಬರುತ್ತದೆ. ಗೊಬ್ಬರದ ಚೀಲದ ಮೇಲಿನ 46% ಸಾರಜನಕ ಎಲ್ಲಿಂದ ಬಂತು? ಯೂರಿಯಾದ ಅಣುತೂಕ 60, ಅದರಲ್ಲಿ ಎರಡು ಸಾರಜನಕ, ತೂಕ 28. 28ನ್ನು 60ರಿಂದ ಭಾಗಿಸಿದರೆ ಸುಮಾರು 46.7%. ಈಗ ಮೂತ್ರಪಿಂಡದ ಪರೀಕ್ಷೆ ನೋಡಿ. ಕೆಲವು ಲ್ಯಾಬ್ ಬ್ಲಡ್ ಯೂರಿಯಾ ಕೊಡುತ್ತವೆ, ಕೆಲವು ಬಿಯುಎನ್, ಅಂದರೆ ಯೂರಿಯಾದಲ್ಲಿರುವ ಸಾರಜನಕ ಮಾತ್ರ. ಬಿಯುಎನ್‌ನಿಂದ ಯೂರಿಯಾಗೆ ಹೋಗಲು 2.14ರಿಂದ ಗುಣಿಸಿ ಅಂತಾರೆ. 60ನ್ನು 28ರಿಂದ ಭಾಗಿಸಿದರೆ ಅದೇ 2.14. ಚೀಲದ ಮೇಲಿನ 46 ಮತ್ತು ಲ್ಯಾಬ್‌ನ 2.14 ಒಂದೇ ಅನುಪಾತದ ಎರಡು ಮುಖ. ಡೆಸಿಲೀಟರ್‌ಗೆ ಬಿಯುಎನ್ 14 ಮಿಲಿಗ್ರಾಂ ಎಂದರೆ ಯೂರಿಯಾ 30 ಮಿಲಿಗ್ರಾಂ, ಅದೇ ಲೀಟರ್‌ಗೆ 5 ಮಿಲಿಮೋಲ್. ಮಿಲಿಮೋಲ್‌ನಲ್ಲಿ ಹೇಳಿದರೆ ಒಂದು ತಲೆನೋವು ಕಡಿಮೆ: ಸಾರಜನಕವೋ ಯೂರಿಯಾವೋ ಎಂಬ ಗೊಂದಲ ತೂಕದಲ್ಲಿ ಮಾತ್ರ. ಯೂರಿಯಾ ಅಣುಗಳನ್ನು ಎಣಿಸಿದ ಮೇಲೆ ಅದು ಒಂದೇ ಸಂಖ್ಯೆ.

ನೈಟ್ರೇಟ್‌ನದೂ ಇದೇ ಕಥೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಲೀಟರ್‌ಗೆ 50 ಮಿಲಿಗ್ರಾಂ ಎಂಬ ಮಿತಿ ಹೇಳುತ್ತದೆ, ಅಮೆರಿಕದ ಮಿತಿ 10. ಒಂದು ಐದು ಪಟ್ಟು ಸಡಿಲ ಅನ್ನಿಸುತ್ತದೆ, ಅಲ್ವಾ? ಹಾಗಿಲ್ಲ. 50 ಇಡೀ ನೈಟ್ರೇಟ್‌ನ ತೂಕ, 10 ಅದರಲ್ಲಿರುವ ಸಾರಜನಕದ ತೂಕ. ನೈಟ್ರೇಟ್‌ನ ತೂಕ 62ನ್ನು ಸಾರಜನಕದ ತೂಕ 14ರಿಂದ ಭಾಗಿಸಿದರೆ 4.43. 50 ಮಿಲಿಗ್ರಾಂ ನೈಟ್ರೇಟ್ ಎಂದರೆ 11.3 ಮಿಲಿಗ್ರಾಂ ಸಾರಜನಕ. ಎರಡೂ ಮಿತಿ ಬಹಳ ಹತ್ತಿರ.

ಶೇಕಡಾ ಮತ್ತು ಅನುಪಾತದ ಬಗ್ಗೆ ಒಂದೆರಡು ಮಾತು ಸಾಕು. ಇಂಜೆಕ್ಷನ್ ಮೇಲಿನ 1% ಎಂದರೆ 100 ಮಿಲಿಲೀಟರ್‌ನಲ್ಲಿ 1 ಗ್ರಾಂ, ಅಂದರೆ ಮಿಲಿಲೀಟರ್‌ಗೆ 10 ಮಿಲಿಗ್ರಾಂ. ಮರಗಟ್ಟಿಸುವ ಔಷಧ ಲಿಗ್ನೋಕೇನ್ 2% ಎಂದರೆ ಮಿಲಿಲೀಟರ್‌ಗೆ 20 ಮಿಲಿಗ್ರಾಂ. ಅಡ್ರಿನಲಿನ್‌ನ 1:1000 ಎಂದರೆ ಮಿಲಿಲೀಟರ್‌ಗೆ 1 ಮಿಲಿಗ್ರಾಂ, 1:10,000 ಎಂದರೆ 0.1. ಒಂದು ಸೊನ್ನೆ ಕಣ್ಣು ತಪ್ಪಿದರೆ ಹತ್ತು ಪಟ್ಟು ಔಷಧ. ಜೀವ ಉಳಿಸುವ ಗಡಿಬಿಡಿಯಲ್ಲಿ ಯಾರಿಗೂ ಸೊನ್ನೆ ಎಣಿಸುವ ಕೆಲಸ ಕೊಡಬಾರದು. ಲೇಬಲ್ ಮೇಲೆ ನೇರವಾಗಿ ಮಿಲಿಗ್ರಾಂ ಬರೆಯೋದೇ ಸರಿ.

ಗುಣಾಕಾರ ನಡೆಯದ ಕಡೆ

ಇಷ್ಟು ಹೇಳಿದ ಮೇಲೆ, ಎಲ್ಲ ಅಂಕಿಯನ್ನೂ ಹೀಗೆ ತಿರುಗಿಸಬಹುದು ಎಂದು ತಿಳಿಯಬಾರದು. ವಿಟಮಿನ್‌ಗಳ ಅಂತರರಾಷ್ಟ್ರೀಯ ಯೂನಿಟ್ ಎನ್ನುವುದು ತೂಕವಲ್ಲ, ದೇಹದ ಮೇಲಿನ ಪರಿಣಾಮದ ಅಳತೆ. ವಿಟಮಿನ್ ಡಿ 40 ಯೂನಿಟ್ ಎಂದರೆ 1 ಮೈಕ್ರೋಗ್ರಾಂ. ವಿಟಮಿನ್ ಎ ಆದರೆ ಒಂದೇ ಯೂನಿಟ್‌ಗೆ 0.3 ಮೈಕ್ರೋಗ್ರಾಂ ರೆಟಿನಾಲ್. ಒಂದರ ಗುಣಕ ಇನ್ನೊಂದಕ್ಕೆ ಬರಲ್ಲ, ಅಣುತೂಕದಿಂದ ಕಂಡುಹಿಡಿಯೋಕೂ ಆಗಲ್ಲ.

ಮೂರು ತಿಂಗಳ ಸಕ್ಕರೆ ಮಟ್ಟ ಹೇಳುವ ಎಚ್‌ಬಿಎ1ಸಿಗೆ ಬರೀ ಗುಣಾಕಾರ ಸಾಲದು. ಶೇಕಡಾ ಅಂಕಿಯಿಂದ ಮೊದಲು 2.15 ಕಳೆದು, ಆಮೇಲೆ 10.93ರಿಂದ ಗುಣಿಸಬೇಕು. 7% ಎಂದರೆ 53, ಮೋಲ್‌ಗೆ ಇಷ್ಟು ಮಿಲಿಮೋಲ್ ಎಂಬ ಲೆಕ್ಕದಲ್ಲಿ. ಕಳೆಯುವ ಹೆಜ್ಜೆ ಯಾಕೆ ಬಂತು ಅಂದರೆ, ಇವು ಎರಡು ಏಕಮಾನ ಮಾತ್ರ ಅಲ್ಲ, ಎರಡು ಬೇರೆ ಅಳತೆ ಪದ್ಧತಿಗಳು. ಹಳೆಯ ವಿಧಾನ ಬೇರೆ ಪದಾರ್ಥಗಳನ್ನೂ ಸ್ವಲ್ಪ ಸೇರಿಸಿ ಅಳೆಯುತ್ತಿತ್ತು.

ಮಣ್ಣು, ನೀರಿನ ಉಪ್ಪಿನಂಶವನ್ನು ವಿದ್ಯುತ್ ವಾಹಕತೆಯಿಂದ ಹೇಳುವಾಗ ಮೀಟರ್‌ಗೆ 1 ಡೆಸಿಸೀಮೆನ್ಸ್ ಎಂದರೆ ಲೀಟರ್‌ಗೆ 640 ಮಿಲಿಗ್ರಾಂ ಉಪ್ಪು ಎಂದು ಹಿಡಿಯುತ್ತಾರೆ. ಇದು ಅಂದಾಜು. ಯಾವ ಉಪ್ಪು ಎಷ್ಟಿದೆ ಎಂಬುದರ ಮೇಲೆ ಈ ಸಂಖ್ಯೆ ಬದಲಾಗುತ್ತದೆ. 640 ಕಂಡು, ಉತ್ತರವನ್ನು ನಾಲ್ಕಂಕಿ ನಿಖರತೆಯಲ್ಲಿ ಬರೆದರೆ ಸುಮ್ನೆ ನಮ್ಮನ್ನು ನಾವೇ ನಂಬಿಸಿಕೊಂಡಂತೆ.

ಎಲ್ಲಕ್ಕಿಂತ ಕಷ್ಟದ್ದು ಮಣ್ಣಿನ ರಂಜಕ. ಓಲ್ಸೆನ್ ವಿಧಾನ ಪಿಎಚ್ 8.5 ಇರುವ ಸೋಡಿಯಂ ಬೈಕಾರ್ಬನೇಟ್ ದ್ರಾವಣ ಬಳಸುತ್ತದೆ. ಬ್ರೇ ವಿಧಾನ ಆಮ್ಲೀಯ ಫ್ಲೋರೈಡ್ ದ್ರಾವಣ ಬಳಸುತ್ತದೆ. ಎರಡೂ ಉತ್ತರ ಕೊಡೋದು ಕಿಲೋಗೆ ಮಿಲಿಗ್ರಾಂನಲ್ಲೇ. ಗೀಟಿನ ಮೇಲೆ ಒಂದೇ, ಕೆಳಗೂ ಒಂದೇ, ರೂಪವೂ ಒಂದೇ. ಆದರೂ ಒಂದನ್ನು ಇನ್ನೊಂದಕ್ಕೆ ತಿರುಗಿಸುವ, ಎಲ್ಲ ಮಣ್ಣಿಗೂ ಸಲ್ಲುವ ಗುಣಕ ಇಲ್ಲ. ಎರಡೂ ದ್ರಾವಣಗಳು ಮಣ್ಣಿನಿಂದ ಬಿಡಿಸಿಕೊಳ್ಳುವ ರಂಜಕವೇ ಬೇರೆ ಬೇರೆ. 15 ಎಂಬ ಅಂಕಿಯನ್ನು ಓಲ್ಸೆನ್‌ನ ಪಟ್ಟಿಯಲ್ಲಿ ನೋಡಿದರೆ ಒಂದು ಸಲಹೆ, ಬ್ರೇ ಪಟ್ಟಿಯಲ್ಲಿ ನೋಡಿದರೆ ಇನ್ನೊಂದು. ರಕ್ತದಲ್ಲಿ ಪ್ರಾಸ್ಟೇಟ್‌ಗೆ ಸಂಬಂಧಿಸಿದ ಪಿಎಸ್‌ಎ ಪರೀಕ್ಷೆಯಲ್ಲೂ ಹೀಗೇ: ಏಕಮಾನ ಒಂದೇ ಇದ್ದರೂ ಕಿಟ್ ಬದಲಾದರೆ ಅಂಕಿ ಬದಲಾಗಬಹುದು. ಹಾಗಾಗಿ ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಬೇಕಾದ ಪರೀಕ್ಷೆಯನ್ನು, ಅದು ಹೊಲದ್ದಿರಲಿ ದೇಹದ್ದಿರಲಿ, ಒಂದೇ ವಿಧಾನದಲ್ಲಿ, ಸಾಧ್ಯವಾದರೆ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ರಿಪೋರ್ಟ್‌ನಲ್ಲಿ ವಿಧಾನದ ಹೆಸರು ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.